ಗೋಧಿ ಮಾರುತ್ತೇನೆ, ತಿನ್ನುವುದಿಲ್ಲ

ನಾನಾಗಿ ಯಾರ ತಂಟೆಗೂ ಹೋದವನಲ್ಲ. ಆದರೂ ನಾನು ಒಂದು ತಾಟಿನ ಮುಂದೆ ಕೂತು "ಇದು ಬ್ಯಾಡ್ರಿ" ಅಂದರೆ ಸಾಕು, ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರರಲ್ಲಿ ಯಾವುದಾದರೊಂದು ಊರಲ್ಲಿ ಗದ್ದಲ ಆಗಿಯೇ ತೀರುತ್ತಿತ್ತು.

ಗೋಕಾಕ ಪೇಟೆಯಲ್ಲಿ ನಮ್ಮದು ಅಪ್ಪನ ಕಾಲದ ಕಾಳುಕಡಿ, ಕಿರಾಣಿ ಅಂಗಡಿ. ನಾವು ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ನೆಲದೊಳಗೆ ಬೆಳೆಯುವ ಗಡ್ಡೆ ತಿನ್ನುವುದಿಲ್ಲ. ಧಂದೆಯಲ್ಲೂ ನಾನು ಹಳೇ ಪದ್ಧತಿಯವನು. ಒಂದೇ ದರ, ಸರಿಯಾದ ತೂಕ, ಚೌಕಾಶಿ ಇಲ್ಲ. ರಾಜಕೀಯದ ಬಗ್ಗೆ ನನ್ನ ವಿಚಾರ ಇನ್ನೂ ಸಣ್ಣದು. ಸರಕಾರ ರಸ್ತೆ ಮಾಡಲಿ, ಕಳ್ಳರನ್ನು ಹಿಡಿಯಲಿ, ಉಳಿದಂತೆ ನಮ್ಮನ್ನು ನಮ್ಮ ಪಾಡಿಗೆ ಬಿಡಲಿ. ಪುಕ್ಕಟೆ ಕೊಡುತ್ತೇನೆ ಅಂತ ಬಂದವನು ಮೊದಲು ನಮ್ಮ ಕಿಸೆಗೇ ಕೈ ಹಾಕಿರುತ್ತಾನೆ ಅಂತ ಎಲ್ಲರೆದುರೂ ಹೇಳುತ್ತಿದ್ದೆ. ಇದಕ್ಕಾಗಿ ನನ್ನನ್ನು ಹಟಮಾರಿ ಅನ್ನುವವರಿದ್ದರು. ಅನ್ನಲಿ. ಹಟವೂ ನನ್ನದು, ಅಂಗಡಿಯೂ ನನ್ನದು. ನನ್ನ ಮಾತು ಕೇಳದೇ ಹೋದದ್ದು ನನ್ನ ಹೊಟ್ಟೆ ಒಂದೇ.

ಮುಟ್ಟದ ಚಟ

ತೊಂಬತ್ತರ ದಶಕದ ಕೊನೆಯ ಮಾತು. ಉಂಡದ್ದು ಹೊಟ್ಟೆಯಲ್ಲಿ ನಿಲ್ಲದಾಯಿತು. ಹೊಟ್ಟೆ ಉಬ್ಬುವುದು, ಕೈಕಾಲು ಸೋಲುವುದು, ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುವುದು. ಒಬ್ಬ ಡಾಕ್ಟರು ನಾಡಿ ಹಿಡಿದು ನೋಡಿ, "ಹಗುರ ಊಟ ಮಾಡ್ರಿ. ರೊಟ್ಟಿ ಜಡ ಆಗತೈತಿ, ಅನ್ನ ವಾಯು ಮಾಡತೈತಿ. ಬರೇ ಚಪಾತಿ ತಿನ್ರಿ" ಅಂದರು.

ನಾನು ಶಿಸ್ತಿನ ಮನುಷ್ಯ. ಮುಂಜಾನೆ ಚಪಾತಿ, ಮಧ್ಯಾಹ್ನ ಚಪಾತಿ, ಸಂಜೆಯೂ ಚಪಾತಿ. ಅಗಿಯುವ ಶಕ್ತಿಯೂ ಇಲ್ಲದ ದಿನ ಹಾಲಲ್ಲಿ ಟೋಸ್ಟ್ ಅದ್ದಿಕೊಂಡು ತಿಂದೆ. ಹಗುರ ಊಟದಿಂದ ನಾನೇ ಹಗುರಾಗುತ್ತ ಹೋದೆ. ವರ್ಷ ಒಪ್ಪತ್ತಿನಲ್ಲಿ ಧೋತರ ಸೊಂಟದ ಮೇಲೆ ನಿಲ್ಲದಂತಾಯಿತು. ಕೊನೆಗೆ ಹೆಂಡತಿ ನನ್ನನ್ನು ಬಸ್ಸು ಹತ್ತಿಸಿ ಬೆಳಗಾವಿಯ ದವಾಖಾನೆಗೆ ಕರೆದುಕೊಂಡು ಹೋದಳು.

ಅಲ್ಲಿದ್ದವರು ವಯಸ್ಸಿನಲ್ಲಿ ಸಣ್ಣ ಡಾಕ್ಟರಮ್ಮ. ಗಂಟಲಿನಿಂದ ನಳಿಗೆ ಇಳಿಸಿ ಹೊಟ್ಟೆ ನೋಡಿದರು, ರಕ್ತ ತೆಗೆದರು. ಎಂಟು ದಿನ ಬಿಟ್ಟು ಮತ್ತೆ ಕರೆಸಿದರು.

"ಕಾಕಾರ, ನಿಮಗ ಗ್ಲುಟೆನ್ ಆಗೂದಿಲ್ಲ. ಇವತ್ತಿನಿಂದ ಅದನ್ನ ಪೂರ್ತಿ ಬಿಡಬೇಕು."

ನನಗೆ ಸಿಟ್ಟು ಬಂತು. "ಬಿಡಾಕ ಮೊದಲ ಹಿಡಿದಿರಬೇಕಲ್ರಿ? ನಮ್ಮ ಮನಿತನದಾಗ ಬೀಡಿ ಇಲ್ಲ, ಸೆರೆ ಇಲ್ಲ, ತಂಬಾಕ ಇಲ್ಲ. ನಾ ಅದನ್ನ ಕಣ್ಣಿಲೆ ಸೈತ ನೋಡಿಲ್ಲ."

ಹೆಂಡತಿ ನನ್ನ ಕಡೆ ತಿರುಗಿದಳು. "ಡಾಕ್ಟರು ಸುಳ್ಳ ಯಾಕ ಹೇಳ್ತಾರ? ದಿನಾ ಮಧ್ಯಾಹ್ನ ಅಂಗಡಿ ಹಿಂದಿನ ಖೋಲ್ಯಾಗ ಬಾಗಲಾ ಹಾಕ್ಕೊಂಡು ಏನ್ ಮಾಡತಿದ್ರಿ?"

ಡಾಕ್ಟರಮ್ಮ ನಗುತ್ತ ಬಿಡಿಸಿ ಹೇಳಿದರು. ಗೋಧಿ ಹಿಟ್ಟು ನಾದಿದಾಗ ಜಿಗಿ ಬರುತ್ತದಲ್ಲ, ಅದೇ ಗ್ಲುಟೆನ್. ನನ್ನ ಕರುಳಿಗೂ ಅದಕ್ಕೂ ಹಗೆ. ಗೋಧಿ, ರವೆ, ಮೈದಾ, ಶಾವಿಗೆ ಯಾವುದನ್ನೂ ಮುಟ್ಟಬಾರದು, ಅದೂ ಜೀವ ಇರುವ ತನಕ. ಜೋಳದ ರೊಟ್ಟಿ, ಅನ್ನ ಎಷ್ಟು ಬೇಕಾದರೂ ತಿನ್ನಬಹುದು.

"ಡಾಕ್ಟರಬಾಯಿ, ನಾ ಗೋಧಿ ವ್ಯಾಪಾರಿ."

"ಮಾರ್ರಿ. ತಿನ್ನಬ್ಯಾಡ್ರಿ."

ಅವರು ಹೇಳಿದಂತೆ ನಡೆದೆ. ನಾಲ್ಕು ತಿಂಗಳಲ್ಲಿ ಮೊದಲಿನಂತಾದೆ. ಆದರೆ ಅವತ್ತು ವಾಪಸ್ ಬರುವಾಗ ಬಸ್ಸಿನಲ್ಲಿ ಹೆಂಡತಿ ಇನ್ನು ಮನೆಗೆ ಜೋಳ, ಅಕ್ಕಿ ಎಷ್ಟು ಬೇಕಾಗುತ್ತದೆ ಅಂತ ಬೆರಳು ಎಣಿಸುತ್ತ ಬಂದಳು. ಗೋಕಾಕ ಹತ್ತಿರ ಬಂದಾಗ ಮೆಲ್ಲಗೆ ಕೇಳಿದಳು: "ಹಿಂದಿನ ಖೋಲ್ಯಾಗ ಏನ್ ಮಾಡತಿದ್ರಿ ಅನ್ನೂದು ನೀವಿನ್ನಾ ಹೇಳಿಲ್ಲ."

ನಿದ್ದೆ ಮಾಡುತ್ತಿದ್ದೆ. ಅಂಗಡಿಯಲ್ಲಿ ಬೆವರು ಸುರಿಸಿ ದುಡಿಯುತ್ತೇನೆ ಅಂತ ಇಪ್ಪತ್ತು ವರ್ಷ ಹೇಳಿಕೊಂಡು ಬಂದವನು ಅದನ್ನು ಹೇಗೆ ಒಪ್ಪಿಕೊಳ್ಳಲಿ?

ಮೂಡಲಗಿಯ ಪಂಗತಿ

ಹೆಂಡತಿಯ ತವರು ಮೂಡಲಗಿ. ಅಲ್ಲಿ ಅವಳ ಕಾಕಾನ ಮಗಳ ಮದುವೆ. ಊಟಕ್ಕೆ ಕೂತ ಮೇಲೆ ತಕರಾರು ಬೇಡ, ಮೊದಲೇ ಹೇಳಿಬಿಡೋಣ ಅಂತ ನಾನು ಒಲೆಯ ಕಡೆ ಹೋದೆ. ಅಡಿಗೆಯವನು ದೊಡ್ಡ ಹಂಡೆಯಲ್ಲಿ ಗೋಧಿ ಹುಗ್ಗಿ ತಿರುವುತ್ತಿದ್ದ.

"ನನಗ ಹುಗ್ಗಿ ಬ್ಯಾಡಪಾ."

"ಸಕ್ಕರಿ ಬ್ಯಾನಿ ಏನ್ರಿ? ಇರ್ಲಿ, ಚಪಾತಿ ಐತಿ."

"ಚಪಾತಿನೂ ಆಗೂದಿಲ್ಲ."

"ಬಿಸಿ ಪೂರಿ ಕರದು ಕೊಡ್ತೇನಿ."

"ಪೂರಿನೂ ಗೋಧೀದ ಅಲ್ಲೇನು?"

"ಹಂಗಾದ್ರ ಶಿರಾ ತಿನ್ರಿ."

"ರವಾ ಎದರಿಂದ ಮಾಡ್ತಾರ? ಮತ್ತ ಸಾರಿಗೆ ಇಂಗು ಹಾಕೀಯೇನು? ಡಬ್ಬಿ ಇಂಗಿನಾಗ ಗೋಧಿ ಹಿಟ್ಟು ಕೂಡಿಸಿರತಾರ, ನಾನ ಮಾರ್ತೇನಿ, ನನಗ ಗೊತ್ತೈತಿ."

ಅವನು ಸೌಟು ಕೆಳಗಿಟ್ಟ. "ಕಾಕಾರ, ಈ ಮನಿಯವರು ಬಟಾಟಿ ಬ್ಯಾಡ ಅಂದ್ರು, ತಂದಿಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿ ಬ್ಯಾಡ ಅಂದ್ರು, ಬಿಟ್ಟೆ. ಹೊತ್ತು ಮುಳುಗೂದ್ರಾಗ ಎಲ್ಲಾ ಮುಗಸು ಅಂದ್ರು, ಹೂಂ ಅಂದೆ. ಇನ್ನ ನೀವು ಬ್ಯಾಡಾದ್ದು ಹೇಳಬ್ಯಾಡ್ರಿ. ಬೇಕಾದ್ದಷ್ಟ ಹೇಳ್ರಿ, ಲಗೂ ಮುಗೀತೈತಿ."

ಕೊನೆಗೆ ನನ್ನ ತಾಟಿಗೆ ಅನ್ನ, ತುಪ್ಪ, ಅವರೆಕಾಯಿ ಪಲ್ಯ ಬಂತು. ಅಕ್ಕಪಕ್ಕದವರಿಗೆಲ್ಲ ಹುಗ್ಗಿ ಮೂರು ಮೂರು ಸಲ ಬಂತು. ನಾನು ಪ್ರತಿ ಸಲವೂ ತಾಟಿನ ಮೇಲೆ ಕೈ ಅಡ್ಡ ಹಿಡಿದೆ. ಎದುರಿನ ಸಾಲಿನಲ್ಲಿ ಹೆಂಡತಿಯ ದೊಡ್ಡಮ್ಮ ಕೂತಿದ್ದರು. ವಯಸ್ಸಾದವರು, ವ್ರತ ನೇಮದಲ್ಲಿ ಬಹಳ ಕಟ್ಟುನಿಟ್ಟು, ಕಿವಿ ಸ್ವಲ್ಪ ಮಂದ.

"ಗೋಧಿ ಯಾವಾಗ ಬಿಟ್ರಿ?" ಅಂದರು.

"ವರ್ಷ ಆತ್ರಿ."

"ಜೀವ ಇರೂತನಕನೋ?"

"ಹೌದ್ರಿ. ಡಾಕ್ಟರು ಹಂಗ ಹೇಳ್ಯಾರ್ರಿ."

ಡಾಕ್ಟರು ಅನ್ನುವುದು ಅವರಿಗೆ ಕೇಳಲಿಲ್ಲ. ನಮ್ಮಲ್ಲಿ ವೈರಾಗ್ಯದ ಕಡೆ ಹೊರಟವರು ಒಂದೊಂದೇ ಆಹಾರ ತ್ಯಾಗ ಮಾಡುತ್ತಾರೆ. ದೊಡ್ಡಮ್ಮ ಕೂತಲ್ಲೇ ಕೈ ಮುಗಿದರು. ಸುದ್ದಿ ಪಂಗತಿಯ ಈ ತುದಿಯಿಂದ ಆ ತುದಿಗೆ ಹುಗ್ಗಿಗಿಂತ ವೇಗವಾಗಿ ಹೋಯಿತು. ಕೈ ತೊಳೆದು ಬರುವಷ್ಟರಲ್ಲಿ ಇಬ್ಬರು ಹುಡುಗರು ಕಾಲು ಮುಟ್ಟಿದರು. ಆಮೇಲೆ ಮದುಮಕ್ಕಳನ್ನೇ ಕರೆತಂದರು. ಬೇಡ ಅಂದರೆ ವಿನಯ ಅಂತ ಇನ್ನಷ್ಟು ಬಾಗಿದರು. ನಾನು ಆಶೀರ್ವಾದ ಮಾಡುತ್ತ ಹೋದೆ. ಖರೆ ಹೇಳಬೇಕೆಂದರೆ ಹತ್ತನೆಯವನ ಹೊತ್ತಿಗೆ ಸ್ವಲ್ಪ ರೂಢಿಯೂ ಆಯಿತು.

ಯಾರೋ ಹೋಗಿ ನನ್ನ ಹೆಂಡತಿಯನ್ನು ಭಕ್ತಿಯಿಂದ ಕೇಳಿದರಂತೆ, "ಹಂಗಾದ್ರ ದೀಕ್ಷಾ ಯಾವಾಗ್ರಿ?"

ಅವಳು ನನ್ನ ಕಡೆ ಒಮ್ಮೆ ನೋಡಿ ಹೇಳಿದಳು, "ಮೊದಲ ಸಿಟ್ಟು ಬಿಡ್ಲಿ. ಆಮ್ಯಾಲ ಸಂಸಾರ ಬಿಡೂದು ನೋಡೂಣು."

ಹುಕ್ಕೇರಿಯ ಉಪ್ಪಿಟ್ಟು

ಅದರ ಮುಂದಿನ ವರ್ಷ ಚುನಾವಣೆ. ಹುಕ್ಕೇರಿ ಸಂತೆಯ ದಿನ ಶೇಂಗಾ ನೋಡಲು ಹೋಗಿದ್ದೆ. ಜೊತೆಗೆ ನಮ್ಮ ಬಾಜೂ ಅಂಗಡಿಯ ಬಟ್ಟೆ ವ್ಯಾಪಾರಿ ಇದ್ದ. ಅವನು ನನ್ನ ಬಾಲ್ಯದ ಗೆಳೆಯ, ಎಲ್ಲಿ ನಾಲ್ಕು ಜನ ಕೂಡಿದರೂ ಅಲ್ಲಿಗೆ ಹೋಗುವ ಚಾಳಿ. "ವ್ಯಾಪಾರಸ್ಥರ ಸಭೆ ಐತಿ, ಉಮೇದುವಾರರು ಬರಾಕತ್ತಾರ" ಅಂತ ನನ್ನನ್ನೂ ಎಳೆದುಕೊಂಡು ಹೋದ.

ಉಮೇದುವಾರರು ತಾವೇ ಪ್ಲೇಟು ಹಿಡಿದುಕೊಂಡು ಒಬ್ಬೊಬ್ಬರ ಮುಂದೆ ಬಂದರು. ಬಿಸಿ ಉಪ್ಪಿಟ್ಟು, ಪಕ್ಕದಲ್ಲಿ ಶಿರಾ. ನನ್ನ ಮುಂದೆ ಬಂದಾಗ ಕೈ ಮುಗಿದು, "ಇದು ಬ್ಯಾಡ್ರಿ" ಅಂದೆ. ಅವರ ನಗು ಅಲ್ಲೇ ನಿಂತಿತು. ಸುತ್ತ ಇದ್ದವರ ಬಾಯಲ್ಲಿ ಉಪ್ಪಿಟ್ಟೂ ನಿಂತಿತು.

"ನನಗ ಗೋಧಿ ಆಗೂದಿಲ್ರಿ" ಅಂದೆ.

"ತಿಳೀತು ಬಿಡ್ರಿ" ಅಂದರು ಅವರು. ಏನು ತಿಳಿಯಿತೋ.

ಮರುದಿನ ಎದುರು ಪಕ್ಷದವರು ಗೋಕಾಕದ ನಮ್ಮ ಅಂಗಡಿಗೆ ಹಾರ ಹಿಡಿದುಕೊಂಡು ಬಂದರು. ತುಂಬಿದ ಸಭೆಯಲ್ಲಿ ಅವರ ಉಪ್ಪಿಟ್ಟು ತಿರಸ್ಕರಿಸಿದ ಧೈರ್ಯವಂತ ಅಂತ ನನ್ನನ್ನು ಹೊಗಳಿ, ಬುಟ್ಟಿ ತೆರೆದು ಸಮೋಸಾ ಮುಂದಿಟ್ಟರು. "ಇದೂ ಬ್ಯಾಡ್ರಿ" ಅಂದೆ. ಹಾರವನ್ನು ವಾಪಸ್ ತೆಗೆದುಕೊಂಡು ಹೋದರು.

ಎರಡೂ ಕಡೆ ಬೇಡ ಅಂದವನು ಪಕ್ಷೇತರನ ಮನುಷ್ಯನೇ ಇರಬೇಕಲ್ಲ. ಮೂರನೆಯ ದಿನ ಪಕ್ಷೇತರ ಉಮೇದುವಾರ ಒಬ್ಬನೇ ಸೈಕಲ್ ಮೇಲೆ ಬಂದ. ಬಡಪಾಯಿ, ಅವನ ಹತ್ತಿರ ಇದ್ದದ್ದು ಚುರುಮುರಿ. ಅಕ್ಕಿಯಿಂದ ಮಾಡಿದ್ದು, ಉಳ್ಳಾಗಡ್ಡಿ ಇನ್ನೂ ಹಾಕಿರಲಿಲ್ಲ. ಸಂತೋಷದಿಂದ ಎರಡು ಪ್ಲೇಟು ತಿಂದೆ. ಅವನ ಕಣ್ಣಲ್ಲಿ ನೀರು ಬಂತು. ಪೇಟೆ ತುಂಬ, "ಕಾಕಾ ನನ್ನ ಉಪ್ಪು ತಿಂದಾರ" ಅಂತ ಹೇಳಿಕೊಂಡು ತಿರುಗಿದ.

ಚುನಾವಣೆಯಲ್ಲಿ ಅವನ ಠೇವಣಿಯೂ ಉಳಿಯಲಿಲ್ಲ. ಮತ್ತೆ ಅದೇ ಸೈಕಲ್ ಮೇಲೆ ಬಂದು ಅಂಗಡಿ ಮುಂದೆ ನಿಂತ. "ಕಾಕಾರ, ನೀವರೆ ನನಗ ಹಾಕಿದ್ರಿಲ್ಲೋ?"

"ತಮ್ಮಾ, ಮತ ನನ್ನ ತಲಿಗೆ ಬಿಟ್ಟದ್ದು, ಊಟ ಹೊಟ್ಟಿಗೆ ಬಿಟ್ಟದ್ದು. ಎರಡೂ ಕೂಡಸಬ್ಯಾಡ."

"ಮತ್ತ ನನ್ನ ಉಪ್ಪು?"

"ಅದು ಸ್ವಲ್ಪ ಹೆಚ್ಚಾಗಿತ್ತು."

ಇಲ್ಲದ್ದರ ಬೆಲೆ

ಅರಭಾವಿಯ ಕಾಲೇಜಿನಲ್ಲಿ ಓದುವ ಒಬ್ಬ ವಿದ್ಯಾರ್ಥಿ ಬಸ್ಸಿನಲ್ಲಿ ಬಂದು ತನ್ನ ಖೋಲಿಗೆ ಬೇಕಾದ ಕಾಳುಕಡಿಯ ಸಂತಿ ನಮ್ಮಲ್ಲೇ ಮಾಡುತ್ತಿದ್ದ. ನನ್ನ ಬೇನೆಯ ಕಥೆ ಕೇಳಿ ಅವನಿಗೊಂದು ಯೋಚನೆ ಹೊಳೆಯಿತು.

"ಕಾಕಾರ, ಜ್ವಾಳದಾಗ ಗ್ಲುಟೆನ್ ಇಲ್ಲ. ಚೀಲದ ಮ್ಯಾಲ 'ಗ್ಲುಟೆನ್ ಇಲ್ಲದ ಜೋಳ' ಅಂತ ಬೋರ್ಡ್ ಹಚ್ರಿ. ದರ ಎರಡು ಪಟ್ಟು ಮಾಡ್ರಿ. ಪರದೇಶದಾಗ ಹಂಗ ಮಾಡ್ತಾರ."

"ಇದ್ದದ್ದನ್ನ ತೂಗಿ ಕೊಟ್ಟು ರೊಕ್ಕ ತಗೊಂಡೇನಿ. ಇಲ್ಲದ್ದಕ್ಕ ರೊಕ್ಕ ತಗೊಳ್ಳೂದು ನಮ್ಮ ಧಂದ್ಯಾಗ ಇಲ್ಲಪಾ."

"ಸುಳ್ಳೇನಲ್ಲಲ್ರಿ. ಇಲ್ಲ ಅಂತ ಖರೇನ ಬರಿಯೂದು."

"ಈ ಜ್ವಾಳದಾಗ ಕಬ್ಬಿಣದ ಮೊಳಿನೂ ಇಲ್ಲ. ಅದನ್ನೂ ಬರೀಲೇನು?"

ಬಿಸ್ಕೀಟು

ಎರಡು ಸಾವಿರದ ಇಸವಿಯ ನಂತರ ವ್ಯಾಪಾರಸ್ಥರ ಮೇಲೆ ಹೊಸ ತೆರಿಗೆ ಪದ್ಧತಿ ಬರುತ್ತದೆ ಅಂತ ಗುಲ್ಲಾಯಿತು. ಗೋಕಾಕದ ವ್ಯಾಪಾರಸ್ಥರು ತಹಸೀಲ್ದಾರ ಕಚೇರಿಯ ಮುಂದೆ ಒಂದು ದಿನದ ಉಪವಾಸ ಕೂಡಬೇಕೆಂದು ಠರಾವು ಮಾಡಿದರು. ಸರಕಾರದ ಮುಂದೆ ಕೈ ಒಡ್ಡುವ ಯಾವ ಮೆರವಣಿಗೆಗೂ ನಾನು ಹೋದವನಲ್ಲ. ಆದರೆ ಇದು ಕೊಡಿ ಅನ್ನುವ ಮಾತಲ್ಲ, ಬಿಡಿ ಅನ್ನುವ ಮಾತು. ಎಲ್ಲರಿಗಿಂತ ಮೊದಲು ಹೋಗಿ ಮುಂದಿನ ಸಾಲಿನಲ್ಲಿ ಕೂತೆ.

ಮಧ್ಯಾಹ್ನದ ಹೊತ್ತಿಗೆ ಒಬ್ಬೊಬ್ಬರೇ ಒರಗತೊಡಗಿದರು. ಬಟ್ಟೆ ವ್ಯಾಪಾರಿ ನನ್ನ ಹೆಗಲ ಮೇಲೆ ತಲೆ ಇಟ್ಟು ನರಳುತ್ತಿದ್ದ. ನಮಗೆ ಉಪವಾಸ ರೂಢಿ, ನಾನು ನೆಟ್ಟಗೆ ಕೂತಿದ್ದೆ. ಹಾಗಾಗಿ ನೋಡಿದವರು ನಾನೇ ಮುಖಂಡ ಅಂದುಕೊಂಡರು.

ಸಂಜೆ ಅಧಿಕಾರಿಯೊಬ್ಬರು ಬಂದು ಮನವಿ ತೆಗೆದುಕೊಂಡರು, ಮೇಲಿನವರಿಗೆ ಕಳಿಸುತ್ತೇವೆ ಅಂದರು. ಒಳ್ಳೆಯ ಮನುಷ್ಯರು. ಮುಖಂಡನಿಂದಲೇ ಉಪವಾಸ ಬಿಡಿಸಬೇಕು ಅಂತ ಬಿಸ್ಕೀಟಿನ ಪುಡಿಕೆ ಒಡೆದು ಒಂದನ್ನು ನನ್ನ ಬಾಯಿಯ ಹತ್ತಿರ ತಂದರು. ನಾನು ಮುಖ ತಿರುಗಿಸಿದೆ.

ಹಿಂದಿನಿಂದ ಯಾರೋ, "ಒಪ್ಪಿಲ್ಲ, ಕಾಕಾ ಒಪ್ಪಿಲ್ಲ" ಅಂದರು. ಎಲ್ಲರೂ ಎದ್ದು ಕೂತು ಘೋಷಣೆ ಶುರು ಮಾಡಿದರು. ಬಿಸ್ಕೀಟು ಬೇಡ, ಬೇರೆ ಏನಾದರೂ ಕೊಡಿ ಅಂತ ಹೇಳಲು ನಾನು ಬಾಯಿ ತೆರೆದೆ. ತೆರೆದಾಗಲೆಲ್ಲ ಘೋಷಣೆ ಜೋರಾಯಿತು. ಅಧಿಕಾರಿಗಳು ಗಾಬರಿಯಾಗಿ ಮೇಲಿನವರಿಗೆ ಫೋನ್ ಮಾಡಲು ಒಳಗೆ ಹೋದರು.

ನನ್ನ ಚಿಂತೆ ತೆರಿಗೆಯದಾಗಿರಲಿಲ್ಲ. ಸೂರ್ಯ ಗುಡ್ಡದ ಕಡೆ ಇಳಿಯುತ್ತಿದ್ದ. ಅವನು ಮುಳುಗಿದರೆ ಮರುದಿನ ಮುಂಜಾನೆಯ ತನಕ ನನಗೆ ಹನಿ ನೀರೂ ಇಲ್ಲ. ಅಧಿಕಾರಿಗಳು ಬಂದು, "ನಾಳೇನ ನಿಮ್ಮ ಮಂದಿನ್ನ ಕರದು ಮಾತಾಡ್ತಾರಂತ" ಅಂದರು. ಮತ್ತೆ ಅದೇ ಬಿಸ್ಕೀಟು ಮುಂದೆ ಬಂತು. ನಾನು ಮತ್ತೆ ತಲೆ ಅಲ್ಲಾಡಿಸಿದೆ. ಮತ್ತೆ ಘೋಷಣೆ, ಮತ್ತೆ ಫೋನು. ಮೂರನೆಯ ಸಲ ಬಂದಾಗ ಅವರ ಅಂಗಿ ಬೆವರಿನಿಂದ ತೊಯ್ದಿತ್ತು.

"ಕಾಕಾರ, ಬರವಣಿಗಿಯೊಳಗ ಕೊಡಾಕ ಒಪ್ಪ್ಯಾರ. ಇದಕ್ಕೂ ಹೆಚ್ಚಿಂದು ನನ್ನ ಕೈಯಾಗಿಲ್ಲ. ಇನ್ನೇನ್ ಬೇಕ್ರಿ ನಿಮಗ?"

ನನ್ನ ಬೇಡಿಕೆ ಕೇಳಲು ಇಡೀ ಪೇಟೆ ಸುಮ್ಮನಾಯಿತು.

"ಬಾಳಿಹಣ್ಣು" ಅಂದೆ.

ಹೆಂಡತಿ ಅಂಗಡಿಗೆ ಬಂದದ್ದು

ಇಷ್ಟೆಲ್ಲ ಆದರೂ ನನ್ನ ಅಂಗಡಿಗೆ ಪೆಟ್ಟು ಬಿದ್ದಿರಲಿಲ್ಲ. ಬಿದ್ದದ್ದು ನನ್ನದೇ ನಾಲಿಗೆಯಿಂದ. ಒಂದು ದಿನ ಹೊಸ ಗಿರಾಕಿ ಹೆಣ್ಣುಮಗಳು ಗೋಧಿಯನ್ನು ಅಂಗೈಯಲ್ಲಿ ಹಿಡಿದು, "ಹೆಂಗದಾವ್ರಿ ಇವು?" ಅಂತ ಕೇಳಿದಳು.

"ನನಗ ಗೊತ್ತಿಲ್ಲವಾ. ನಾ ಇದನ್ನ ತಿನ್ನೂದಿಲ್ಲ" ಅಂದೆ. ಸುಳ್ಳು ಹೇಳುವ ಪದ್ಧತಿ ನಮ್ಮಲ್ಲಿಲ್ಲ.

ಅವಳು ಕಾಳನ್ನು ಚೀಲಕ್ಕೆ ಸುರಿದು ಹೋದಳು. ವಾರದೊಳಗೆ ಪೇಟೆಯಲ್ಲೆಲ್ಲ ಒಂದೇ ಮಾತು: ಆ ಅಂಗಡಿಯವರು ತಮ್ಮ ಗೋಧಿಯನ್ನು ತಾವೇ ತಿನ್ನುವುದಿಲ್ಲವಂತೆ, ಔಷಧ ಹೊಡೆದಿರಬೇಕು. ಗೋಧಿ ಹೋಗುವುದು ನಿಂತಿತು. ಆಮೇಲೆ ಬೇಳೆ, ಸಕ್ಕರೆಗೂ ಜನ ಬೇರೆ ಅಂಗಡಿ ಹಿಡಿದರು. ಮೂವತ್ತು ವರ್ಷದಿಂದ ಬರುತ್ತಿದ್ದ ಗಿರಾಕಿಗಳು ನಮ್ಮ ಅಂಗಡಿ ಮುಂದೆ ಬಂದಾಗ ರಸ್ತೆಯ ಆ ಬದಿಗೆ ದಾಟುತ್ತಿದ್ದರು. ನಾನು ಗಾದಿಯ ಮೇಲೆ ಕೂತು ನೋಡುತ್ತಿದ್ದೆ. ಹಟದವನು, ಯಾರನ್ನೂ ಕರೆದು ನನ್ನ ಬೇನೆಯ ಮಾತು ಹೇಳಲಿಲ್ಲ. ಆದರೆ ಆ ದಿನಗಳಲ್ಲಿ ಹಿಂದಿನ ಖೋಲಿಗೆ ಹೋದರೆ ನಿದ್ದೆಯೂ ಬರುತ್ತಿರಲಿಲ್ಲ.

ಎಲ್ಲರಿಗಿಂತ ಹೆಚ್ಚು ನೊಂದವನು ಮಸಗುಪ್ಪಿಯ ರೈತ. ಆ ಗೋಧಿ ಅವನ ಹೊಲದ್ದು. ಬಂದು ಕಟ್ಟೆಯ ಮೇಲೆ ಕೂತ. "ಸಾವಕಾರ್ರ, ನಾ ಔಷಧ ಹೊಡೆದ ಗೋಧಿ ಕೊಟ್ಟೇನಂತ ಊರಾಗ ಅಂತಾರ. ನೀವು ನೋಡಿದ್ರ ಸುಮ್ಮ ಕುಂತೀರಿ" ಅಂದ. ಅವನ ಮುಖ ನೋಡಲು ನನಗಾಗಲಿಲ್ಲ.

ಬಟ್ಟೆ ವ್ಯಾಪಾರಿ ಉಪಾಯ ಹೇಳಿದ. "ನಾಳೆ ಹತ್ತು ಗಂಟೇಕ ನಾಕು ಮಂದೀನ ಕರಸ್ತೇನಿ. ಇದ ಗೋಧಿ ಚಪಾತಿ ನಮ್ಮ ಮನ್ಯಾಗ ಮಾಡಿಸಿ ತರ್ತೇನಿ. ಎಲ್ಲಾರ ಮುಂದ ಒಂದ ಒಂದು ತಿಂದುಬಿಡು."

ಊರಿಗಾಗಿ ಅಂದಿದ್ದರೆ ಒಪ್ಪುತ್ತಿರಲಿಲ್ಲ. ರೈತನ ಹೆಸರಿನ ಪ್ರಶ್ನೆ. ಹೂಂ ಅಂದೆ. ಹೆಂಡತಿಗೆ ಹೇಳಲಿಲ್ಲ. ಆದರೆ ಚಪಾತಿ ಲಟ್ಟಿಸಿದ ಬಟ್ಟೆ ವ್ಯಾಪಾರಿಯ ಹೆಂಡತಿ ಹೇಳದೇ ಇರುತ್ತಾಳೆಯೇ?

ಮರುದಿನ ಅಂಗಡಿ ಮುಂದೆ ಜನ ನೆರೆದಿದ್ದರು. ತಾಟಿನಲ್ಲಿ ನಾಲ್ಕು ಚಪಾತಿ. ಒಂದು ತುಂಡು ಹರಿದು ಕೈಯಲ್ಲಿ ಹಿಡಿದಿದ್ದೆ. ಆಗ ಜನರ ನಡುವೆ ದಾರಿ ಮಾಡಿಕೊಂಡು ನನ್ನ ಹೆಂಡತಿ ಬಂದಳು. ನಮ್ಮ ಮನೆತನದ ಹೆಣ್ಣುಮಕ್ಕಳು ಅಂಗಡಿ ಕಟ್ಟೆ ಹತ್ತುವ ರೂಢಿ ಇರಲಿಲ್ಲ. ನಾನೇ ಅದನ್ನು ಗಟ್ಟಿಯಾಗಿ ಹಿಡಿದುಕೊಂಡು ಬಂದವನು. ಅವಳು ಹತ್ತಿದಳು. ನನ್ನ ಕೈಯಲ್ಲಿದ್ದ ತುಂಡು ಕಿತ್ತುಕೊಂಡಳು, ತಾಟನ್ನು ತನ್ನ ಕಡೆ ಎಳೆದುಕೊಂಡಳು.

"ಇದನ್ನ ತಿನಿಸಿದ್ರ ಇವರು ತಿಂಗಳಾನುಗಟ್ಟಲೆ ಹಾಸಿಗಿ ಹಿಡೀತಾರ" ಅಂದಳು ನೆರೆದವರಿಗೆ. ದನಿ ಏರಿಸಲಿಲ್ಲ. "ಇವರಿಗೆ ಗೋಧಿ ಆಗೂದಿಲ್ಲ, ಬೆಳಗಾವ್ಯಾಗ ತೋರಿಸೇವಿ. ಇದ ಚೀಲದ ಗೋಧಿ ನಾನು, ನನ್ನ ಮಕ್ಕಳು ದಿನಾ ತಿಂತೇವಿ. ನಿಮಗ ನೋಡಬೇಕಾಗಿದ್ರ ನನ್ನ ನೋಡ್ರಿ."

ಗಾದಿಯ ಮೇಲೆ ಕೂತು ತಿನ್ನತೊಡಗಿದಳು. ಅವಸರವಿಲ್ಲ. ಒಂದಾಯಿತು, ಎರಡಾಯಿತು. ಪೇಟೆಯೆಲ್ಲ ನಿಂತು ನೋಡಿತು. ನಾನು ಗಾದಿಯ ಪಕ್ಕದಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ನನ್ನ ಎದೆ ತುಂಬಿ ಬಂದಿತ್ತು, ಆದರೆ ಅದನ್ನು ಮುಖದಲ್ಲಿ ತೋರಿಸಲು ನನಗೆ ಬರುವುದಿಲ್ಲ.

ನಾಲ್ಕೂ ಮುಗಿದ ಮೇಲೆ ಆ ಹೊಸ ಗಿರಾಕಿ ಹೆಣ್ಣುಮಗಳೇ ಮುಂದೆ ಬಂದು ಕೇಳಿದಳು, "ಹೆಂಗೈತ್ರಿ ಕಾಕಿ, ಗೋಧಿ?"

"ಗೋಧಿ ಭಾಳ ಚಲೋ ಐತಿ, ಕಣ್ಣ ಮುಚ್ಚಿ ಒಯ್ಯವಾ" ಅಂದಳು ಹೆಂಡತಿ. ನೀರು ಕುಡಿದಳು. ಅಲ್ಲಿಗೇ ನಿಲ್ಲಿಸಬಹುದಿತ್ತು. ಸೆರಗಿನಿಂದ ಬಾಯಿ ಒರೆಸಿಕೊಂಡು ಮುಂದುವರಿಸಿದಳು, "ತೊಗರಿ ಬ್ಯಾಳಿ ಮಾತ್ರ ಒಯ್ಯಬ್ಯಾಡ. ಎಷ್ಟ ಕುದಿಸಿದ್ರೂ ಬೇಯೂದಿಲ್ಲ. ಆರು ತಿಂಗಳಿಂದ ಇವರಿಗೆ ಹೇಳಾಕತ್ತೇನಿ, ಇವರು ಕೇಳೂದಿಲ್ಲ."

ಜನ ನಕ್ಕರು. ನಕ್ಕವರೇ ಚೀಲ ಹಿಡಿದು ಸಾಲು ನಿಂತರು. ತನ್ನ ಅಂಗಡಿಯ ಬೇಳೆಯನ್ನೇ ಹೀಗಳೆಯುವವಳು ಗೋಧಿಯ ವಿಷಯದಲ್ಲಿ ಸುಳ್ಳು ಹೇಳಲಾರಳು ಅಂತ ಅವರ ಲೆಕ್ಕ. ಹೊತ್ತು ಮುಳುಗುವುದರೊಳಗೆ ಮಸಗುಪ್ಪಿಯ ಗೋಧಿ ಒಂದು ಕಾಳೂ ಉಳಿಯಲಿಲ್ಲ. ತೊಗರಿ ಬೇಳೆ ಒಂದು ಕಾಳೂ ಹೋಗಲಿಲ್ಲ.

ಹೆಂಡತಿ ಮರುದಿನವೂ ಬಂದು ಗಾದಿಯ ಮೇಲೆ ಕೂತಳು. ನಾನು ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ಸುಮ್ಮನೆ ಬೇಳೆಯ ಚೀಲಗಳನ್ನು ಟೆಂಪೋದಲ್ಲಿ ಹೇರಿಕೊಂಡು, ಅದನ್ನು ಕೊಟ್ಟ ಬೇಳೆ ಮಿಲ್ಲಿಗೆ ಹೋದೆ. ಇದು ಬೇಯುವುದಿಲ್ಲ, ವಾಪಸ್ ತಗೊಳ್ರಿ ಅಂದೆ. ಮಾಲಕ ಚೀಲ ನೋಡಿ ಹುಬ್ಬು ಗಂಟಿಕ್ಕಿದ.

"ಬೇಯೂದಿಲ್ಲ ಅಂತ ಯಾರ ಹೇಳಿದ್ರು ನಿಮಗ? ಗಿರಾಕಿ ಮಂದಿ ಮಾತು ಕೇಳಬ್ಯಾಡ್ರಿ, ಅವರು ಏನರೆ ಅಂತಾರ."

"ಗಿರಾಕಿ ಅಲ್ರಿ, ನಮ್ಮ ಮನಿಯವರು ಹೇಳಿದ್ರು."

ಅವನು ಮಿಲ್ಲಿನ ಹಿಂದಿದ್ದ ತನ್ನ ಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ಹಂಗಾದ್ರ ಇಳಸ್ರಿ. ನಮ್ಮ ಮನಿಯವರೂ ಅದನ್ನ ಅನ್ನಾಕತ್ತಾರ."